ಶಾಲೆಯ ಟೆಕ್ನಾಲಜಿ ಬ್ಲಾಕ್ ಅನ್ನು ಮರದಲ್ಲೇ ಕಟ್ಟಬಹುದಾ?

ಹೊಸಬ್ಲಾಕ್:
ಎಲ್ಲರಿಗೂ ನಮಸ್ಕಾರ. ನಾನು ಒಂದು ಶಾಲೆಯ ಕಟ್ಟಡ ಸಮಿತಿಯಲ್ಲಿದ್ದೇನೆ. ಎರಡು ಮಹಡಿಯ ಟೆಕ್ನಾಲಜಿ ಬ್ಲಾಕ್ ಆಗಬೇಕು. ಕಂಪ್ಯೂಟರ್ ಲ್ಯಾಬ್, ರೋಬೋಟಿಕ್ಸ್ ಕೊಠಡಿ, ತ್ರೀಡಿ ಪ್ರಿಂಟರ್, ಲೇಸರ್ ಕಟರ್, ಒಂದು ಚಿಕ್ಕ ಸರ್ವರ್ ರೂಮ್. ಆರ್ಕಿಟೆಕ್ಟ್ ಮಾಸ್ ಟಿಂಬರ್‌ನಲ್ಲಿ, ಅಂದರೆ ದಪ್ಪ ಮರದ ತೊಲೆ, ಹಲಗೆಗಳಲ್ಲೇ ಮಾಡೋಣ ಅಂತಿದ್ದಾರೆ. ಮೀಟಿಂಗ್‌ಗೆ ಸಿಎಲ್‌ಟಿಯ (ಮರದ ಪದರಗಳನ್ನು ಅಡ್ಡಡ್ಡ ಅಂಟಿಸಿ ಮಾಡಿದ ದಪ್ಪ ಹಲಗೆ) ಸ್ಯಾಂಪಲ್ ತುಂಡು ತಂದಿದ್ದರು. ಐದು ಪದರ, ಒಂದರ ಎಳೆ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಕೈಗೆತ್ತಿಕೊಂಡಾಗ ನನಗಂತೂ ತುಂಬಾ ಇಷ್ಟವಾಯಿತು. ಆದರೆ ಉಳಿದವರದ್ದು ಒಂದೇ ಮಾತು: ಮಕ್ಕಳಿರುವ ಜಾಗ, ಅಷ್ಟೊಂದು ಕರೆಂಟಿನ ಸಾಮಾನು, ಸುತ್ತ ಮರವಾ? ಅಷ್ಟು ಸಾಲದು ಅಂತ ಒಬ್ಬ ವಿದ್ಯಾರ್ಥಿನಿ "ಮರ ಕಡಿದು ಕಟ್ಟಿದರೆ ಪರಿಸರಕ್ಕೆ ಹೇಗೆ ಒಳ್ಳೆಯದು?" ಅಂತ ಕೇಳಿದಳು. ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ತೊಲೆಲೆಕ್ಕ:
ಬೆಂಕಿಯ ಭಯ ಸಹಜ, ಅದನ್ನೇ ಮೊದಲು ಹೇಳುತ್ತೇನೆ. ತೆಳು ರೀಪು ಬೇಗ ಉರಿಯುತ್ತದೆ, ದಪ್ಪ ಕೊರಡು ಹಾಗಲ್ಲ. ಮೇಲಿನ ಪದರ ಸುಟ್ಟು ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ಮರಕ್ಕೆ ಬಿಸಿ ತಾಗದಂತೆ ಅಡ್ಡ ನಿಲ್ಲುತ್ತದೆ. ಮರದ ಕಟ್ಟಡಗಳ ವಿನ್ಯಾಸಕ್ಕೆ ಯುರೋಪಿನಲ್ಲಿರುವ ನಿಯಮಾವಳಿ ಯುರೋಕೋಡ್ 5ರ ಲೆಕ್ಕದಲ್ಲಿ ಪೈನ್, ಸ್ಪ್ರೂಸ್‌ನಂಥ ಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ. ಸುಡುತ್ತದೆ. ಗಂಟೆಗೆ ಹತ್ತಿರಹತ್ತಿರ 40 ಮಿ.ಮೀ. ಅಷ್ಟು ಹೋದ ಮೇಲೂ ಭಾರ ಹೊರುವ ಮರ ಉಳಿಯಬೇಕು, ಆ ಲೆಕ್ಕದಲ್ಲೇ ನಾವು ತೊಲೆಯ ಅಳತೆ ಇಡುವುದು. ಸಿಎಲ್‌ಟಿಯಲ್ಲಿ ಮಾತ್ರ ಒಂದು ಎಚ್ಚರ ಬೇಕು: ಬಿಸಿಗೆ ಅಂಟು ಬಿಟ್ಟರೆ ಸುಟ್ಟ ಪದರ ಕಳಚಿ ಬೀಳುತ್ತದೆ, ಒಳಗಿನ ಹಸನಾದ ಮರಕ್ಕೆ ಬೆಂಕಿ ಮತ್ತೆ ಹಿಡಿಯುತ್ತದೆ. ಹಾಗಾಗಿ ಯಾವ ಅಂಟು, ಬೆಂಕಿ ಪರೀಕ್ಷೆಯ ವರದಿ ಇದೆಯಾ ಅಂತ ಬರಹದಲ್ಲೇ ಕೇಳಿ. ಬೆಂಕಿ ಹತ್ತಿದಾಗ ಚಾವಣಿಯಿಂದ ತಾನೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಸರ್ವರ್ ರೂಮಿಗೆ ಒಳಗಿನಿಂದ ಜಿಪ್ಸಮ್ ಬೋರ್ಡ್ ಹೊದಿಸಿ. ರೋಬೋಟ್‌ಗಳ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವ ಜಾಗಕ್ಕೂ ಅಷ್ಟೇ.

ಇನ್ನು ಯಾರೂ ಕೇಳದ ವಿಷಯ, ನೆಲದ ಅದುರುವಿಕೆ. ಮರ ಅಷ್ಟೇ ಗಾತ್ರದ ಕಾಂಕ್ರೀಟಿನ ಐದನೇ ಒಂದು ಭಾಗದಷ್ಟೇ ತೂಗುತ್ತದೆ. ತಳಪಾಯಕ್ಕೆ ಅದು ಲಾಭ, ಆದರೆ ಮೇಲಿನ ಮಹಡಿಯಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಎದ್ದು ನಡೆದರೆ ಹಗುರವಾದ ನೆಲ ಅದುರುವುದು ಜಾಸ್ತಿ. ಲೇಸರ್ ಕಟರ್‌ನಂಥ ಮೆಷಿನ್‌ಗಳನ್ನೆಲ್ಲ ಕೆಳಗೆ, ನೆಲದ ಮೇಲಿನ ಕಾಂಕ್ರೀಟ್ ಸ್ಲ್ಯಾಬ್‌ನಲ್ಲಿ ಇಡಿ. ಕಂಪ್ಯೂಟರ್‌ಗಳು ಮೇಲಿರಲಿ.

ಜೋಡಣೆಕೆಲಸ:
ನಾನು ಸೈಟಿನಲ್ಲಿ ಹಲಗೆ ಎತ್ತಿ ಜೋಡಿಸುವವನು. ವೇಗದ ವಿಷಯದಲ್ಲಿ ಅನುಮಾನವೇ ಬೇಡ. 2009ರಲ್ಲಿ ಮುಗಿದ ಲಂಡನ್ನಿನ ಸ್ಟಾಡ್ಟ್‌ಹೌಸ್ ಅನ್ನುವ ವಸತಿ ಕಟ್ಟಡದಲ್ಲಿ ಎಂಟು ಮಹಡಿಯ ಮರದ ಭಾಗವನ್ನು ನಾಲ್ಕು ಜನ ಬಡಗಿಗಳು 27 ದಿನದ ಕೆಲಸದಲ್ಲಿ ನಿಲ್ಲಿಸಿದರು. ಆದರೆ ಆ ವೇಗ ಬರುವುದು ತೂತುಗಳೆಲ್ಲ ಫ್ಯಾಕ್ಟರಿಯಲ್ಲೇ ಕೊರೆದು ಬಂದಾಗ.

ಒಂದು ಶಾಲೆಯ ಕೆಲಸದಲ್ಲಿ ನೆಟ್‌ವರ್ಕ್ ಕೇಬಲ್ ಹೋಗುವ ದಾರಿಯನ್ನು ಡ್ರಾಯಿಂಗ್‌ನಲ್ಲಿ ಹಾಕಿರಲೇ ಇಲ್ಲ. ಹಲಗೆ ಕೂರಿಸಿದ ಮೇಲೆ ಒಬ್ಬೊಬ್ಬರಾಗಿ ಬಂದು ಇಲ್ಲೊಂದು ತೂತು, ಅಲ್ಲೊಂದು ತೂತು ಅಂತ ಕೇಳತೊಡಗಿದರು, ಪ್ರತಿ ತೂತಿಗೂ ಎಂಜಿನಿಯರ್ ಒಪ್ಪಿಗೆ ಬರುವ ತನಕ ನಾವು ಏಣಿ ಹಿಡಿದು ಕಾಯಬೇಕಾಯಿತು. ಅದೇ ಸೈಟಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಒಂದು ಮೂಲೆಯಲ್ಲಿ ಹರಿದಿತ್ತು. ಬಿಚ್ಚಿ ನೋಡಿದರೆ ಒಳಗೆ ನೀರು ನಿಂತು, ಹಲಗೆಯ ಕಡಿದ ತುದಿಯಿಂದ ಒಂದು ಗೇಣು ಒಳಕ್ಕೆ ಕಪ್ಪು ಕಲೆ ಹತ್ತಿತ್ತು. ಮರ ನೀರು ಕುಡಿಯುವುದು ಆ ತುದಿಯಿಂದಲೇ. ಫ್ಯಾಕ್ಟರಿಯಿಂದ ಬರುವಾಗ ತೇವ ಸುಮಾರು 12 ಶೇಕಡಾ ಇರುತ್ತದೆ. 20 ದಾಟಿ ಹಾಗೇ ಉಳಿದರೆ ಬೂಷ್ಟು, ಕೊಳೆತ ಶುರುವಾಗಬಹುದು. ತುದಿಗಳಿಗೆ ಸೀಲರ್ ಹಚ್ಚಿಸಿ, ತೇವ ಅಳೆಯುವ ಮೀಟರ್ ಸೈಟಿನಲ್ಲಿರಲಿ. ಗೆದ್ದಲು ಇರುವ ಕಡೆಯಾದರೆ ಮರ ಎಲ್ಲೂ ಮಣ್ಣಿಗೆ ತಾಗಬಾರದು.

ಲ್ಯಾಬ್‌ಟೀಚರ್:
ನಾನು ಇಂಥ ಕಟ್ಟಡದಲ್ಲೇ ಪಾಠ ಮಾಡುತ್ತೇನೆ. ಕೊಠಡಿ ತುಂಬಾ ಚೆನ್ನಾಗಿದೆ, ಮಕ್ಕಳು ಗೋಡೆಯನ್ನು ಸುಮ್ನೆ ಸವರುತ್ತಾ ನಿಲ್ಲುತ್ತಾರೆ. ಆದರೆ ಮೇಲೆ ಕುರ್ಚಿ ಎಳೆದರೆ ಕೆಳಗೆ ಪಾಠ ನಿಲ್ಲಿಸಬೇಕು. ಹಲಗೆಯ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ತೆಳು ಕಾಂಕ್ರೀಟ್ ಹಾಕಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಬಜೆಟ್ ಕಡಿಮೆಯಾದಾಗ ಅದನ್ನು ಮಾತ್ರ ಕೈಬಿಡಬೇಡಿ.

ಕಾಡುಮರ:
ಆ ಹುಡುಗಿಗೆ ಹೀಗೆ ಹೇಳಬಹುದು. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಅದು ಗಾಳಿಯಿಂದ ಬಂದದ್ದು. ಒಂದು ಘನ ಮೀಟರ್ ಮರ 450 ಕೆ.ಜಿ. ಇದ್ದರೆ ಅದರಲ್ಲಿ ಸುಮಾರು 800 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು ಇಂಗಾಲ ಕೂತಿದೆ. ಆದರೆ ಕಡಿದ ಜಾಗದಲ್ಲಿ ಮತ್ತೆ ಕಾಡು ಬೆಳೆದರೆ ಮಾತ್ರ ಆ ಲೆಕ್ಕಕ್ಕೆ ಅರ್ಥ. ಮರ ಸರಿಯಾಗಿ ನೋಡಿಕೊಂಡ ಕಾಡಿನಿಂದ ಬಂದದ್ದು ಅಂತ ಹೇಳುವ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿ ಪ್ರಮಾಣಪತ್ರ ಕೇಳುವುದು ಅದಕ್ಕೇ. ಮುಂದೆ ಕಟ್ಟಡ ಕೆಡವಿ ಮರ ಸುಟ್ಟರೆ ಅದೆಲ್ಲ ಗಾಳಿಗೇ ವಾಪಸ್. ಸ್ಕ್ರೂ, ಬೋಲ್ಟ್‌ನಲ್ಲಿ ಜೋಡಿಸಿದರೆ ಬಿಚ್ಚಿ ಇನ್ನೊಂದು ಕಡೆ ಬಳಸಬಹುದು. ಅವಳ ಪ್ರಶ್ನೆ ನಿಜಕ್ಕೂ ಒಳ್ಳೆಯದು, ಮುಂದಿನ ಮೀಟಿಂಗ್‌ಗೆ ಅವಳನ್ನೂ ಕೂರಿಸಿಕೊಳ್ಳಿ.

ಹೊಸಬ್ಲಾಕ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಷಿನ್‌ಗಳು ಕೆಳಗೆ ಅನ್ನುವುದು ನಮಗೆ ಹೊಳೆದೇ ಇರಲಿಲ್ಲ, ಪ್ಲಾನ್‌ನಲ್ಲಿ ಎಲ್ಲ ಮೇಲಿತ್ತು! ಡ್ರಾಯಿಂಗ್ ಅಂತಿಮವಾಗುವ ಮುಂಚೆ ಯಾವ ಸಾಮಾನು ಎಲ್ಲಿ ಬರುತ್ತದೆ, ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಅಂತ ಪಟ್ಟಿ ಮಾಡಲು ಶಿಕ್ಷಕರಿಗೆ ಹೇಳಿದ್ದೇನೆ.

ಜೋಡಣೆಕೆಲಸ:
ಲೇಸರ್ ಕಟರ್‌ನ ಹೊಗೆ ಕೊಳವೆ ಎಷ್ಟು ದಪ್ಪ, ಯಾವ ಗೋಡೆಯಿಂದ ಹೊರಗೆ ಹೋಗುತ್ತದೆ ಅಂತಲೂ ಆ ಪಟ್ಟಿಯಲ್ಲಿ ಬರೆಸಿ.