7 ವರ್ಷದ ಮಗನಿಗೆ ಗೊರಕೆ: ಎಕ್ಸ್‌ಪಾಂಡರಾ, ಅಡಿನಾಯ್ಡ್ ಆಪರೇಷನ್ನಾ? ಅನುಭವ ಇದ್ದವರು ಹೇಳಿ

ಪುಟ್ಟನ ಅಮ್ಮ: ಮಗ ಬಾಯಿ ತೆರೆದೇ ಮಲಗುತ್ತಾನೆ, ದಿಂಬೆಲ್ಲ ಜೊಲ್ಲು. ಮೇಲ್ದವಡೆ ಕಿರಿದಾಗಿದೆ, ಅದನ್ನು ಅಗಲ ಮಾಡುವ ಎಕ್ಸ್‌ಪಾಂಡರ್ ಅನ್ನೋ ಸಾಧನ ಹಾಕಿಸಿ ಎಂದರು ಹಲ್ಲಿನ ಡಾಕ್ಟರು. ಇಎನ್‌ಟಿಯವರು ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ತೆಗೆಸಿ ಅನ್ನುತ್ತಾರೆ. ಯಾವುದು ಮೊದಲು?

ಇಬ್ಬರ ತಾಯಿ: ನಾವು ಎಕ್ಸ್‌ಪಾಂಡರ್ ಹಾಕಿಸಿದೆವು. ದಿನಾ ಒಂದು ಸಲ ಕೀ ತಿರುಗಿಸಬೇಕು, ಸಲಕ್ಕೆ ಕಾಲು ಮಿಲಿಮೀಟರ್. ಮಗಳ ತಲೆ ನನ್ನ ತೊಡೆ ಮೇಲೆ, ಟಾರ್ಚ್ ಗಂಡನ ಕೈಲಿ. ಆ ಸಣ್ಣ ತೂತಿಗೆ ಕೀ ಕೂರುವಷ್ಟರಲ್ಲಿ ಮೂವರೂ ಬೆವೆತಿರುತ್ತಿದ್ದೆವು. ಹೀಗೆ 24 ದಿನ. ಮಧ್ಯೆ ಮುಂದಿನ ಎರಡು ಹಲ್ಲು ದೂರ ಸರಿದು ಸಂದು ಬಿತ್ತು, ಕನ್ನಡಿ ನೋಡಿ ಅತ್ತಳು. ಅಂಗುಳ ನಡುವೆ ಬಿಡುತ್ತಿದೆ ಅನ್ನುವುದಕ್ಕೆ ಅದೇ ಗುರುತಂತೆ. ಒಂದು ಸಲ ಊಟ ಮಾಡುವಾಗ ಕಳಚಿಬಂತು, ಮತ್ತೆ ಅಂಟಿಸಿದರು. ಆಮೇಲೆ ಮೂಳೆ ತುಂಬಲು 6 ತಿಂಗಳು ಬಾಯಲ್ಲೇ ಇತ್ತು. ಅಂಗುಳವೇ ಮೂಗಿನ ತಳ ಅಲ್ವಾ, ಅದು ಅಗಲವಾದಂತೆ ಉಸಿರೂ ಸಲೀಸಾಯಿತು. ಆಪರೇಷನ್ ಇಲ್ಲದೇ ಗೆದ್ದೆವು.

ನಿದ್ದೆಗೆಟ್ಟ ಅಪ್ಪ: ಗೆದ್ದೆವು ಅನ್ನಬೇಡಿ ಮೇಡಂ, ಹೊಟ್ಟೆ ಉರಿಯುತ್ತದೆ. ನಾವೂ ಅದನ್ನೇ ನಂಬಿ ಒಂದು ವರ್ಷ ಕಳೆದುಕೊಂಡೆವು. ದವಡೆ ಅಗಲವಾಯಿತು, ಮಗ ಮಾತ್ರ ಉಸಿರು ಕಟ್ಟಿ ಎದ್ದು ಕೂರುತ್ತಿದ್ದ. ಕೊನೆಗೆ ಸ್ಲೀಪ್ ಸ್ಟಡಿ, ಅಂದರೆ ರಾತ್ರಿ ಮಲಗಿದಾಗ ವೈರು ಹಾಕಿ ಉಸಿರು ಅಳೆಯುವ ಪರೀಕ್ಷೆ, ಮಾಡಿಸಿದರೆ ಗಂಟೆಗೆ 11 ಸಲ ಉಸಿರು ಕಟ್ಟುತ್ತದೆ ಇಲ್ಲವೇ ಕಮ್ಮಿಯಾಗುತ್ತದೆ ಅಂತ ಬಂತು. ಮಕ್ಕಳಿಗೆ 1 ದಾಟಿದರೇ ಜಾಸ್ತಿ. ಅಡಿನಾಯ್ಡ್, ಟಾನ್ಸಿಲ್ ಎರಡೂ ತೆಗೆದರು. ಹತ್ತು ದಿನ ಎಂಜಲು ನುಂಗಲೂ ಅಳುತ್ತಿದ್ದ. ಮೂರನೇ ತಿಂಗಳಿಗೆ ಹಾಸಿಗೆ ಒದ್ದೆ ಮಾಡುವುದೂ ನಿಂತಿತು.

ಇಬ್ಬರ ತಾಯಿ: ನಿಮ್ಮ ಮಗನಿಗೆ ಟಾನ್ಸಿಲ್ ದೊಡ್ಡದಿತ್ತು, ನನ್ನ ಮಗಳಿಗೆ ಇರಲಿಲ್ಲ. ನನ್ನ ಮೇಲೆ ಯಾಕೆ ಸಿಟ್ಟು?

ಕಾದು ನೋಡಿದವಳು: ಎಲ್ಲರಿಗೂ ಆತುರ. 2013ರ ಅಧ್ಯಯನ ನೋಡಿ. 5ರಿಂದ 9 ವರ್ಷದ 464 ಮಕ್ಕಳು. ಆಪರೇಷನ್ ಇಲ್ಲದೆ ಏಳು ತಿಂಗಳು ಕಾದವರಲ್ಲಿ ನೂರಕ್ಕೆ 46 ಮಕ್ಕಳ ಸ್ಲೀಪ್ ಸ್ಟಡಿ ಸರಿಹೋಯಿತು. ನಮ್ಮವನದ್ದೂ ಹಾಗೇ ಹೋಯಿತು. ರಾತ್ರಿ ಬಾಯಿಗೆ ಟೇಪ್ ಹಾಕುತ್ತಿದ್ದೆ, ಅಷ್ಟೇ.

ನಿದ್ದೆಗೆಟ್ಟ ಅಪ್ಪ: ಆಪರೇಷನ್ ಆದವರಲ್ಲಿ ನೂರಕ್ಕೆ 79. ಅದನ್ನು ಯಾಕೆ ನುಂಗಿದಿರಿ? ಮತ್ತೆ ಮೂಗು ಕಟ್ಟಿರುವ ಮಗುವಿನ ಬಾಯಿಗೆ ಟೇಪಾ! ಮೂಗೂ ಪೂರ್ತಿ ಕಟ್ಟಿದರೆ ಉಸಿರು ಎಲ್ಲಿಂದ? ಇದನ್ನು ಓದಿ ಇನ್ನೊಬ್ಬರು ಹಾಕಿಬಿಡುತ್ತಾರೆ, ದಯವಿಟ್ಟು ಅಳಿಸಿ.

ಕಾದು ನೋಡಿದವಳು: ನಾನು ಪಕ್ಕದಲ್ಲೇ ಎಚ್ಚರವಾಗಿರುತ್ತಿದ್ದೆ. ಸುಮ್ನೆ ಏನೋ ಮಾಡಿದ್ದಲ್ಲ.

ನಿದ್ದೆಗೆಟ್ಟ ಅಪ್ಪ: ರಾತ್ರಿಯಿಡೀ ಎಚ್ಚರವಾಗಿದ್ದಿರಿ ಅಂದರೆ ನಿಮಗೂ ಭಯ ಇತ್ತು.

ಪುಟ್ಟನ ಅಮ್ಮ: ಸ್ಲೀಪ್ ಸ್ಟಡಿ ಅಂತ ಒಂದಿದೆ ಎಂದು ಇಬ್ಬರು ಡಾಕ್ಟರೂ ನಮಗೆ ಹೇಳಲೇ ಇಲ್ಲ. ಅಷ್ಟೊಂದು ವೈರು ಹಾಕಿದರೆ ಮಗು ಮಲಗುತ್ತಾ?