ಇಲಿಯಡ್‌ನ ಯೂರಿಬೇಟಿಸ್ ಒಬ್ಬನೋ ಇಬ್ಬರೋ?

ಪ್ರಶ್ನೆ
ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಬರೆದ ಗ್ರೀಕ್ ಮಹಾಕಾವ್ಯ ಇಲಿಯಡ್ ಮೊದಲ ಸಲ ಓದುತ್ತಿದ್ದೇನೆ. 1ನೇ ಸರ್ಗದಲ್ಲಿ ವೀರ ಅಕಿಲೀಸ್‌ನ ಬಳಿಯಿದ್ದ ಸೆರೆಯಾಳು ಬ್ರಿಸೇಯಿಸ್‌ಳನ್ನು ಕರೆತರಲು ಗ್ರೀಕರ ಸೇನಾಪತಿ ಆಗಮೆಮ್ನಾನ್ ಕಳಿಸುವ ಇಬ್ಬರು ದೂತರಲ್ಲಿ ಒಬ್ಬ ಯೂರಿಬೇಟಿಸ್. 2ನೇ ಸರ್ಗದಲ್ಲಿ ಒಡಿಸ್ಯೂಸ್ ಓಡುತ್ತಾ ಎಸೆದ ಹೊದಿಕೆಯನ್ನು ಎತ್ತಿಕೊಳ್ಳುವವನೂ ಯೂರಿಬೇಟಿಸ್! ಇವನು ಯಾರ ಕಡೆಯವನು?

ಉತ್ತರ 1
ಇಬ್ಬರು ಬೇರೆ ಬೇರೆ. ಮೊದಲನೆಯವನು ಆಗಮೆಮ್ನಾನ್‌ನ ದೂತ. ಎರಡನೆಯವನಿಗೆ ಹೋಮರ್ 'ಇಥಾಕದವನು' ಅಂತ, ಅಂದರೆ ಒಡಿಸ್ಯೂಸ್‌ನ ಊರನ್ನೇ, ಸೇರಿಸಿದ್ದಾನೆ, ನೋಡಿ.

ಉತ್ತರ 2
ಹೆಸರಿನ ಅರ್ಥ 'ಅಗಲ ಹೆಜ್ಜೆಯವನು'. ಸುದ್ದಿ ಹೊತ್ತು ನಡೆಯುವವರಿಗೆ ಒಪ್ಪುವ ಹೆಸರು ಅಲ್ವಾ? ಹಾಗಾಗಿ ಇಬ್ಬರಿಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ನನಗೆ ಇಥಾಕದವನ ಮೇಲೆ ಪ್ರೀತಿ ಜಾಸ್ತಿ. ಹೋಮರನ ಇನ್ನೊಂದು ಕಾವ್ಯ, ಒಡಿಸ್ಯೂಸ್ ಮನೆಗೆ ಮರಳುವ ಕಥೆ ಒಡಿಸ್ಸಿಯ 19ನೇ ಸರ್ಗ ಓದಿ. ವೇಷ ಮರೆಸಿಕೊಂಡ ಒಡಿಸ್ಯೂಸ್ ತನ್ನ ಹೆಂಡತಿ ಪೆನೆಲೋಪಿಯ ಎದುರಿಗೇ ಕೂತು, 'ನಿನ್ನ ಗಂಡನನ್ನು ನೋಡಿದ್ದೆ' ಅನ್ನುತ್ತಾನೆ. ಅವಳು ಗುರುತು ಕೇಳುತ್ತಾಳೆ. ಬಟ್ಟೆ, ಚಿನ್ನದ ಪಿನ್ನು ಎಲ್ಲ ಹೇಳಿ, ಕೊನೆಗೆ ಜೊತೆಗಿದ್ದ ದೂತನ ವಿಷಯಕ್ಕೆ ಬರುತ್ತಾನೆ: ಬಾಗಿದ ಹೆಗಲು, ಕಪ್ಪು ಮೈ, ಗುಂಗುರು ಕೂದಲು, ಒಡಿಸ್ಯೂಸ್‌ಗಿಂತ ಸ್ವಲ್ಪ ದೊಡ್ಡವನು, ಹೆಸರು ಯೂರಿಬೇಟಿಸ್. ಪೆನೆಲೋಪಿಗೆ ಅಳು ಒತ್ತರಿಸಿ ಬರುತ್ತದೆ. ಎಷ್ಟೋ ವೀರರಿಗೆ ಸಿಗದ ಮುಖ ಈ ಆಳಿಗೆ ಸಿಕ್ಕಿತಲ್ಲ!

ಇನ್ನೊಬ್ಬನಿಗೆ, ಆಗಮೆಮ್ನಾನ್‌ನ ದೂತನಿಗೆ, ಮುಖವಿಲ್ಲ, ಆದರೆ ಭಯವಿದೆ. ಮನಸ್ಸಿಲ್ಲದೆ ಕಡಲ ದಂಡೆಯಲ್ಲಿ ನಡೆದು ಬಂದು, ಅಕಿಲೀಸ್ ಎದುರು ಬಾಯಿ ಬಿಡದೆ ನಿಲ್ಲುತ್ತಾನೆ. ಅಕಿಲೀಸ್‌ನೇ 'ಹತ್ತಿರ ಬನ್ನಿ, ತಪ್ಪು ನಿಮ್ಮದಲ್ಲ' ಅನ್ನಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ಹಾಗಾದರೆ ಇಲಿಯಡ್‌ನ 9ನೇ ಸರ್ಗದಲ್ಲಿ, ಮುನಿಸಿಕೊಂಡು ಯುದ್ಧ ಬಿಟ್ಟ ಅಕಿಲೀಸ್‌ನನ್ನು ಒಲಿಸಲು ಹೋದವರ ಜೊತೆಗಿದ್ದ ಯೂರಿಬೇಟಿಸ್ ಯಾರು?

ಉತ್ತರ 2
ಅಲ್ಲಿ ಊರಿನ ಹೆಸರಿಲ್ಲ. ಒಡಿಸ್ಯೂಸ್ ಹೋಗಿದ್ದಾನೆ, ಹಾಗಾಗಿ ಅವನ ದೂತನೇ ಅಂತ ನನ್ನ ಊಹೆ. ಬ್ರಿಸೇಯಿಸ್‌ಳನ್ನು ಎಳೆತಂದವನನ್ನೇ ಮತ್ತೆ ಆ ಬಿಡಾರಕ್ಕೆ ಕಳಿಸುವುದು ಸರಿಯಲ್ಲ, ಅಲ್ವಾ? ಜೊತೆಗಿದ್ದ ಇನ್ನೊಬ್ಬ ದೂತನ ಹೆಸರು ಓಡಿಯಸ್. ಅದೇ ಹೆಸರಿನ ಟ್ರಾಯ್ ಪಕ್ಷದ ನಾಯಕನೊಬ್ಬನನ್ನು ಆಗಮೆಮ್ನಾನ್ 5ನೇ ಸರ್ಗದಲ್ಲೇ ಕೊಂದಿರುತ್ತಾನೆ. ಗೊಂದಲ ಮಾಡಿಕೊಳ್ಳಬೇಡಿ.

ಉತ್ತರ 3
ಒಂದೇ ಹೆಸರಿನವರ ಪಟ್ಟಿಗೆ ಅಡ್ರಾಸ್ಟಸ್‌ನನ್ನೂ ಸೇರಿಸಿ. ಟ್ರಾಯ್ ಕಡೆ ಆ ಹೆಸರಿನವರು ಮತ್ತೆ ಮತ್ತೆ ಸಾಯುತ್ತಾರೆ. 6ನೇ ಸರ್ಗದವನನ್ನು ಮರೆಯಲಾಗುವುದಿಲ್ಲ. ಕುದುರೆಗಳು ಪೊದೆಗೆ ಸಿಕ್ಕಿ, ರಥ ಮುರಿದು, ಗಾಲಿಯ ಪಕ್ಕ ಬೋರಲು ಬೀಳುತ್ತಾನೆ. ಗ್ರೀಕ್ ನಾಯಕ ಮೆನೆಲಾಸ್‌ನ ಮೊಣಕಾಲು ಹಿಡಿದು ಜೀವ ಬೇಡುತ್ತಾನೆ. ಮೆನೆಲಾಸ್ ಕರಗಿಯೂ ಇರುತ್ತಾನೆ. ಅಷ್ಟರಲ್ಲಿ ಅಣ್ಣ ಆಗಮೆಮ್ನಾನ್ ಓಡಿ ಬರುತ್ತಾನೆ.