ಡಿವಿಟ್ ಕ್ಲಿಂಟನ್ನನ ಹತ್ತು ಸೂತ್ರ

"ಪದ್ದಕ್ಕಾ, ಹೊಸ ಪೋಸ್ಟ್ ಹಾಕಿದ್ದೀನಿ. 'ಈರಿ ಕಾಲುವೆಯ ಹರಿಕಾರ ಡಿವಿಟ್ ಕ್ಲಿಂಟನ್: ಯಶಸ್ಸಿನ ಹತ್ತು ಸೂತ್ರಗಳು'," ಶೀನಿ ಮೊಬೈಲು ಮುಂದೆ ಹಿಡಿದ.

"ಕ್ಲಿಂಟನ್ ಅಂದ್ರೆ ಆ ಬಿಲ್ಲಾ?" ಸುಬ್ಬಣ್ಣನವರು ಕೋಡುಬಳೆ ಮುರಿದರು.

"ಅಲ್ಲ ಸುಬ್ಬಣ್ಣ, ಇವನು ಇನ್ನೂರು ವರ್ಷದ ಹಿಂದೆ ನ್ಯೂಯಾರ್ಕ್ ರಾಜ್ಯದ ಗವರ್ನರ್. ಬಿಲ್ಲು ಕಟ್ಟೋಕೇ ದುಡ್ಡಿಲ್ಲದೆ ಸತ್ತವನು. ಅಲ್ವೋ ಶೀನಿ, ದಿನ ಬೆಳಗಾದರೆ ಒಬ್ಬ ಸತ್ತವನನ್ನ ಎಬ್ಬಿಸಿ ಹತ್ತು ಸೂತ್ರ ಹಿಂಡ್ತೀರಲ್ಲ, ಯಾರ ಬಾಳೂ ಏಳೂವರೆ ಸೂತ್ರಕ್ಕೆ ನಿಲ್ಲೋದೇ ಇಲ್ವಾ? ಓದು, ಕೇಳೋಣ."

"ಒಂದು: ಶೂನ್ಯದಿಂದ ಆರಂಭಿಸಿ."

"ಎಂಥಾ ಶೂನ್ಯ! ಚಿಕ್ಕಪ್ಪ ಜಾರ್ಜ್ ಕ್ಲಿಂಟನ್ ಆ ರಾಜ್ಯದ ಮೊಟ್ಟಮೊದಲ ಗವರ್ನರ್. ಇವನು ರಾಜಕೀಯಕ್ಕೆ ಕಾಲಿಟ್ಟಿದ್ದೇ ಚಿಕ್ಕಪ್ಪನ ಕಾರ್ಯದರ್ಶಿಯಾಗಿ. ತಿದ್ದಿಕೋ, ಚಿಕ್ಕಪ್ಪನಿಂದ ಆರಂಭಿಸಿ."

"ಎರಡು: ಜನಮನ ಗೆಲ್ಲಿ. 1803ರಲ್ಲಿ ನ್ಯೂಯಾರ್ಕ್ ನಗರದ ಮೇಯರ್!"

"ಆಗ ಮೇಯರಿಗೆ ಜನ ಓಟು ಹಾಕ್ತಿರಲಿಲ್ಲ. ಗವರ್ನರ್ ಮತ್ತು ನಾಲ್ವರು ರಾಜ್ಯ ಸೆನೆಟರುಗಳ ನೇಮಕ ಮಂಡಳಿ ಹುದ್ದೆ ಹಂಚ್ತಿತ್ತು. 1801ರಲ್ಲಿ ಇವನೇ ಆ ಮಂಡಳಿಯಲ್ಲಿ ಕೂತು ಎದುರು ಪಕ್ಷದವರನ್ನ ತೆಗೆಸಿ ತನ್ನವರನ್ನ ತುಂಬಿಸಿದ್ದ. ಇವನು ಮೇಯರಾದಾಗ ಗವರ್ನರ್ ಯಾರು, ಹೇಳು?"

"ಚಿಕ್ಕಪ್ಪ?"

"ಚಿಕ್ಕಪ್ಪ."

"ಮೂರನೇದರಲ್ಲಿ ಚಿಕ್ಕಪ್ಪ ಇಲ್ಲ ಬಿಡಿ. ಕನಸು ದೊಡ್ಡದಿರಲಿ, 1812ರ ಅಧ್ಯಕ್ಷ ಚುನಾವಣೆ..."

"ಗೆದ್ದ ಮ್ಯಾಡಿಸನ್‌ಗೆ 128 ಎಲೆಕ್ಟರ್ ಓಟು, ಇವನಿಗೆ 89. ಮುಂದೆ ಹೋಗು."

"ನಾಲ್ಕು: ಕಷ್ಟದ ಕೆಲಸವನ್ನೇ ಮೊದಲು ಮಾಡಿ."

ಪದ್ದಕ್ಕ ಕಾಫಿ ಲೋಟ ಕೆಳಗಿಟ್ಟರು. "ಪೂರ್ತಿ ಉಲ್ಟಾ! ಹಡ್ಸನ್ ನದಿಯಿಂದ ಈರಿ ಸರೋವರಕ್ಕೆ 363 ಮೈಲಿ. ಕಾಲುವೆ ಮೇಲೆ 40 ಅಡಿ ಅಗಲ, ತಳದಲ್ಲಿ 28, ಆಳ 4 ಅಡಿ. ಏರಿಳಿತಕ್ಕೆ 83 ಲಾಕು. ಲಾಕು ಅಂದರೆ ಎರಡೂ ಕಡೆ ಬಾಗಿಲಿರೋ ಕಲ್ಲಿನ ತೊಟ್ಟಿ, ಸುಬ್ಬಣ್ಣ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮೇಲಿನ ನೀರು ಬಿಟ್ಟರೆ ದೋಣಿ ತಾನೇ ಮೇಲೇಳುತ್ತೆ. ಇದೆಲ್ಲ ಬಿಟ್ಟು 1817ರ ಜುಲೈ 4ರಂದು ಗುದ್ದಲಿ ಹಾಕಿದ್ದು ನಟ್ಟನಡುವೆ, ಅದೇ ರಾಜ್ಯದ ರೋಮ್ ಅನ್ನೋ ಊರಲ್ಲಿ. ಅಲ್ಲಿ ನೆಲ ಸಪಾಟು, ಲಾಕಿನ ತಾಪತ್ರಯ ಇಲ್ಲ. 1819ಕ್ಕೆ ರೋಮ್‌ನಿಂದ ಯೂಟಿಕಾಗೆ ದೋಣಿ ಓಡಿಯೇಬಿಟ್ಟಿತು. ನೀರು ಕಣ್ಣಿಗೆ ಬಿದ್ದ ಮೇಲೆ ದುಡ್ಡು ನಿಲ್ಲಿಸೋಕೆ ಯಾವ ಶಾಸಕನಿಗೆ ಧೈರ್ಯ?"

"ಐದು: ನುರಿತ ತಜ್ಞರನ್ನೇ ಇಟ್ಟುಕೊಳ್ಳಿ."

"ಎಲ್ಲಿಂದ ತರ್ತಾನೆ? ಕಾಲುವೆಯ ಎಂಜಿನಿಯರುಗಳಾದ ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡಿಸ್ ಇಬ್ಬರೂ ಜಮೀನು ಅಳೀತಾ ಜಡ್ಜ್ ಆದವರು. ಕಾಲುವೆ ಕಲಿತಿದ್ದೇ ತೋಡ್ತಾ ತೋಡ್ತಾ. ಬರೀ ಸುಣ್ಣದ ಗಾರೆ ನೀರಲ್ಲಿ ನಿಲ್ಲಲ್ಲ, ಲಾಕಿನ ಕಲ್ಲುಸಂದು ಬಾಯಿಬಿಡುತ್ತೆ. ಕ್ಯಾನ್ವಾಸ್ ವೈಟ್ ಅನ್ನೋನು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕಾಲುವೆಗಳನ್ನ ನೋಡಿಬಂದ. ಆಮೇಲೆ ಚಿಟ್ಟನಾಂಗೊ ಅನ್ನೋ ಊರಿನ ಹತ್ತಿರದ ಸುಣ್ಣಕಲ್ಲನ್ನ ಸುಟ್ಟು ಪುಡಿ ಮಾಡಿದರೆ ನೀರೊಳಗೇ ಗಟ್ಟಿಯಾಗೋ ಗಾರೆ ಆಗುತ್ತೆ ಅಂತ ಕಂಡುಕೊಂಡರು. ನಿನ್ನ ಸೂತ್ರದಲ್ಲಿ ಗಾರೆ ಎಲ್ಲಿದೆಯೋ?"

"ಗಾರೆ ಬಗ್ಗೆ ಯಾರು ಓದ್ತಾರೆ ಪದ್ದಕ್ಕ! ಆರು: ವಿರೋಧಿಗಳನ್ನು ಸ್ನೇಹಿತರನ್ನಾಗಿಸಿ."

"ಆಗಿಸಲಿಲ್ಲ, ಆದ್ದರಿಂದಲೇ ಗೆದ್ದ! ಇವನಿಗಿದ್ದ ಕಾಲುವೆ ಆಯುಕ್ತನ ಹುದ್ದೆಗೆ ಸಂಬಳವೂ ಇರಲಿಲ್ಲ. ಇವನ ರಾಜಕೀಯ ಎದುರಾಳಿ ವಾನ್ ಬ್ಯೂರೆನ್ ಗುಂಪಿನವರು 1824ರ ಏಪ್ರಿಲ್‌ನಲ್ಲಿ ಅದನ್ನೂ ಕಿತ್ತುಕೊಂಡರು. ಜನ ರೊಚ್ಚಿಗೆದ್ದು ನವೆಂಬರ್‌ನಲ್ಲಿ ಮತ್ತೆ ಗವರ್ನರ್ ಮಾಡಿದರು. ಬರ್ಕೋ: ಬಿಟ್ಟಿ ಕೆಲಸದಿಂದ ನಿಮ್ಮನ್ನು ಕಿತ್ತುಹಾಕುವಷ್ಟು ದಡ್ಡ ಶತ್ರುಗಳನ್ನು ಸಂಪಾದಿಸಿ."

ಸುಬ್ಬಣ್ಣನವರಿಗೆ ಕೋಡುಬಳೆ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಉದ್ಘಾಟನೆ ಜೋರಾಗಿ ಆಗಿರಬೇಕಲ್ಲ?" ಅಂದರು.

"ಕೇಳಬೇಡಿ. 1825ರ ಅಕ್ಟೋಬರ್ 26ಕ್ಕೆ ಬಫಲೋದಿಂದ ದೋಣಿ ಹೊರಟಿತು. ಸುದ್ದಿ ಮುಟ್ಟಿಸೋಕೆ ದಾರಿಯುದ್ದಕ್ಕೂ ಫಿರಂಗಿ, ಒಂದರ ಸದ್ದು ಕೇಳಿ ಇನ್ನೊಂದು ಹಾರಿಸೋದು. ನವೆಂಬರ್ 4ರಂದು ಕ್ಲಿಂಟನ್ ಈರಿ ಸರೋವರದ ನೀರನ್ನ ಪೀಪಾಯಿಯಿಂದ ಸಮುದ್ರಕ್ಕೆ ಸುರಿದ. ಡಾಕ್ಟರ್ ಮಿಚಿಲ್ ಅನ್ನೋ ಪಂಡಿತ ನೈಲ್, ಥೇಮ್ಸ್ ಅಂತ ಲೋಕದ ನದಿಗಳ ನೀರನ್ನೆಲ್ಲ ಬಾಟಲಿಯಲ್ಲಿ ತಂದು ಬೆರೆಸಿದ. ನಮ್ಮ ಗಂಗೆ, ಸಿಂಧು ಕೂಡ ಇದ್ದವು."

"ಗಂಗಾಜಲ? ನ್ಯೂಯಾರ್ಕಲ್ಲಿ?" ಸುಬ್ಬಣ್ಣನವರು ಎದ್ದೇ ಕೂತರು.

"ಹೂಂ. ಬಫಲೋದಿಂದ ನ್ಯೂಯಾರ್ಕಿಗೆ ಟನ್ನಿಗೆ ನೂರು ಡಾಲರ್ ಇದ್ದ ಸಾಗಣೆ ಖರ್ಚು ಹತ್ತರ ಆಸುಪಾಸಿಗೆ ಬಿತ್ತು. ಕಾಲುವೆ ಸಾಲ ತೀರಿಸಿತು. ತೋಡಿಸಿದವನಿಗೆ ತೀರಿಸೋಕಾಗಲಿಲ್ಲ." ಪದ್ದಕ್ಕನ ದನಿ ಇಳಿಯಿತು. "1828ರ ಫೆಬ್ರುವರಿಯಲ್ಲಿ, ಇನ್ನೂ ಗವರ್ನರ್ ಆಗಿದ್ದಾಗಲೇ ಸತ್ತ. ಐವತ್ತೆಂಟು ವರ್ಷ. ಮನೆ ಸಾಮಾನು ಸಾಲಕ್ಕೆ ಹೋಯಿತು. ಮಣ್ಣು ಮಾಡೋಕೆ ಸ್ವಂತ ಜಾಗವಿಲ್ಲದೆ ಆಲ್ಬನಿಯಲ್ಲಿ ಸ್ನೇಹಿತರೊಬ್ಬರ ಮನೆತನದ ಸಮಾಧಿಯಲ್ಲಿ ಇಟ್ಟರು. 1844ರಲ್ಲಿ ಬ್ರೂಕ್ಲಿನ್‌ಗೆ ಸಾಗಿಸಿದರು."

"ಹದಿನಾರು ವರ್ಷ ಇನ್ನೊಬ್ಬರ ಜಾಗದಲ್ಲಿ," ಅಂದರು ಸುಬ್ಬಣ್ಣ.

ಶೀನಿ ಮೊಬೈಲು ಕೆಳಗಿಳಿಸಿದ. "ಇದನ್ನೆಲ್ಲ ಹಾಕಿದ್ರೆ ಒಂದು ಲೈಕೂ ಬರಲ್ಲ ಪದ್ದಕ್ಕ."

"ಗಂಗಾಜಲ ಒಂದನ್ನೇ ಹಾಕು. ಸುಬ್ಬಣ್ಣನೇ ನಾಲ್ಕು ಗ್ರೂಪಿಗೆ ಕಳಿಸ್ತಾರೆ."

"ಆಗಲೇ ಕಳಿಸಾಯ್ತು," ಅಂದರು ಸುಬ್ಬಣ್ಣ.